ಮರೆಯಬಾರದ ಮಹನೀಯ: ಗಾಸ್ತೋನ್ ರಾಮೋನ್

ಗಡಿನಾಡಿನ ನಮ್ಮ ಕನ್ನಡ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಮಿತಿಯ ಮಿತ್ರರು ಅಪೇಕ್ಷಿಸಿದಾಗ, ನನ್ನ ಅಧ್ಯಾಪನ ಕಾಲದ ಒಂದು ಸಣ್ಣ ಸಾಲ ನೆನಪಿಗೆ ಬಂದಿತು. ವಿಜ್ಞಾನದ ತರಗತಿಯಲ್ಲಿ ಜೆನ್ನರ್ ಮತ್ತು ಪಾಶ್ಚರ್ ಇವರ ಹೆಸರುಗಳನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನು. ಆದರೆ ಶಾಲೆಗೆ ಬಂದ ದಾದಿಯರು ಸಾಲಾಗಿ ನಿಂತ ಮಕ್ಕಳ ತೋಳಿಗೆ ಚುಚ್ಚುತ್ತಿದ್ದ ಔಷಧಿಯನ್ನು ಕಂಡುಹಿಡಿದವರ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಹೇಳುವುದಕ್ಕೆ ಆಗ ನನಗೇ ತಿಳಿದಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುಕೊಂಡದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ತಡವಾಗಿಯಾದರೂ ಇಡುತ್ತಿದ್ದೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಲು ಮನೆಯದೇ ಒಂದು ಕಾರಣವಿದೆ. ನಮ್ಮ ಬಾಲ್ಯದಲ್ಲಿ ನನ್ನ ತಮ್ಮನ ಕಾಲಿಗೆ ಗದ್ದೆಯ ಬದುವಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು ನಾಟಿತು. ಧನುರ್ವಾಯುವಿನ ಭಯದಿಂದ ತಂದೆಯವರು ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗಿ, ಕುದುರೆಯ ರಕ್ತದಿಂದ ತಯಾರಾದ ಸೀರಮ್ಮಿನ ಚುಚ್ಚುಮದ್ದನ್ನು ಕೊಡಿಸಿದರು. ಧನುರ್ವಾಯು ಬರಲಿಲ್ಲ. ಆದರೆ ಎಂಟನೆಯ ದಿನ ಅವನ ಮೈತುಂಬ ತುರಿಕೆಯ ದದ್ದುಗಳೆದ್ದು, ಜ್ವರ ಬಂದು, ಕೀಲುಗಳು ಬಾತುಕೊಂಡವು. ತಾಯಿಯವರು ದೈವಕ್ಕೆ ಹರಕೆ ಹೇಳಿಕೊಂಡರು. ಒಂದು ವಾರದಲ್ಲಿ ಎಲ್ಲವೂ ಇಳಿಯಿತು. ಕಾಪಾಡಲು ಕೊಟ್ಟ ಮದ್ದೇ ಮೈಗೆ ಒಗ್ಗದೆ ಹೋದುದೇಕೆ ಎಂಬ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದಾಗ ಫ್ರಾನ್ಸಿನ ಒಂದು ಕುದುರೆಲಾಯವನ್ನೂ ಅದರಲ್ಲಿ ದುಡಿದ ಒಬ್ಬ ಪಶುವೈದ್ಯರನ್ನೂ ತಲಪಿದೆ.

ಗಾಸ್ತೋನ್ ರಾಮೋನ್ ಅವರು 1886ನೆಯ ಇಸವಿ ಸೆಪ್ಟೆಂಬರ್ 30ರಂದು ಫ್ರಾನ್ಸಿನ ಯೋನ್ ಪ್ರಾಂತದ ಬೆಲ್ಶೋಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ಸಮೀಪದ ಸಾನ್ಸ್ ಪಟ್ಟಣದಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿ, ಪ್ಯಾರಿಸ್ ನಗರದ ಹತ್ತಿರವಿರುವ ಆಲ್ಫೋರ್ ಪಶುವೈದ್ಯ ವಿದ್ಯಾಲಯವನ್ನು ಸೇರಿದರು. ಮನುಷ್ಯರ ವೈದ್ಯಶಾಸ್ತ್ರವನ್ನು ಅವರು ಓದಿದವರಲ್ಲ. ಆದರೂ ಅವರ ಜೀವಮಾನದ ದುಡಿಮೆಯ ಫಲವನ್ನು ಉಂಡವರು ಮುಖ್ಯವಾಗಿ ಮನುಷ್ಯರ ಮಕ್ಕಳು.

1911ರಲ್ಲಿ ಅವರು ಪಾಶ್ಚರ್ ಸಂಸ್ಥೆಯನ್ನು ಪ್ರವೇಶಿಸಿದರು. ಆಗ ಅದರ ನಿರ್ದೇಶಕರಾಗಿದ್ದವರು ಪಾಶ್ಚರರ ಶಿಷ್ಯರಾದ ಎಮಿಲ್ ರೂ. ಗಂಟಲಮಾರಿ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಡಿಫ್ತೀರಿಯಾ ರೋಗಕ್ಕೆ ಕುದುರೆಯ ಸೀರಮ್ಮಿನ ಚಿಕಿತ್ಸೆಯನ್ನು 1894ರಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಪ್ರಯೋಗಿಸಿ ಯಶಸ್ವಿಯಾದವರು ಅವರೇ. ರಾಮೋನರನ್ನು ನಗರದ ಹೊರಗಿನ ಗಾರ್ಶ್ ಎಂಬಲ್ಲಿದ್ದ ಶಾಖೆಗೆ ನಿಯಮಿಸಲಾಯಿತು. ಅಲ್ಲಿ ದೊಡ್ಡ ಕುದುರೆಲಾಯವೊಂದಿತ್ತು. ಡಿಫ್ತೀರಿಯಾ ಮತ್ತು ಧನುರ್ವಾಯು ರೋಗಾಣುಗಳ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಪ್ರತಿವಿಷವು ಹುಟ್ಟಿಕೊಂಡ ಬಳಿಕ ಆ ರಕ್ತದ ತಿಳಿಯನ್ನು ಬೇರ್ಪಡಿಸಿ ಸೀಸೆಗಳಲ್ಲಿ ತುಂಬುವುದು ಅಲ್ಲಿಯ ಕಾರ್ಯ. ರೂ ಅವರ ಬಂಧುವಾದ ಮಾರ್ತ್ ಮೊಮೋಂ ಎಂಬವರನ್ನು ರಾಮೋನರು 1917ರಲ್ಲಿ ವಿವಾಹವಾದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಲಾಯದ ಮೇಲೆ ಬಿದ್ದ ಹೊಣೆ ಸಾಮಾನ್ಯವಾದುದಾಗಿರಲಿಲ್ಲ. ಗೊಬ್ಬರದ ನೆಲದಲ್ಲಿ ತೋಡಿದ ಕಂದಕಗಳಲ್ಲಿ ಗಾಯಗೊಂಡ ಸೈನಿಕರಿಗೆಲ್ಲ ಧನುರ್ವಾಯುವಿನ ಸೀರಮ್ ಬೇಕಾಗಿತ್ತು. ಕಳುಹಿಸುವ ದಾರಿಯಲ್ಲಿ ಸೀರಮ್ ಕೆಡದಂತೆ ಕಾಪಾಡುವ ಉಪಾಯವನ್ನು ಹುಡುಕುವ ಕೆಲಸ ರಾಮೋನರ ಪಾಲಿಗೆ ಬಂದಿತು. ಅವರು ಅದಕ್ಕೆ ಅತ್ಯಲ್ಪ ಪ್ರಮಾಣದ ಫಾರ್ಮಲಿನ್ನನ್ನು ಆರಿಸಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ಕಪ್ಪೆ ಹಾವುಗಳನ್ನು ಗಾಜಿನ ಜಾಡಿಯಲ್ಲಿ ಕೆಡದಂತೆ ಇಟ್ಟಿರುವ ದ್ರವವನ್ನು ನೀವೆಲ್ಲರೂ ನೋಡಿದ್ದೀರಿ. ಅದೇ ಈ ಫಾರ್ಮಲಿನ್. ಅದರ ಈ ಸಹವಾಸವೇ ಮುಂದೆ ಅವರ ಕೀರ್ತಿಗೆ ಕಾರಣವಾಯಿತು.

ಯುದ್ಧಾನಂತರ ಅವರ ಮೊದಲನೆಯ ದೊಡ್ಡ ಶೋಧ 1922ರಲ್ಲಿ ಹೊರಬಂದಿತು. ಒಂದು ಸೀರಮ್ಮಿನಲ್ಲಿ ಎಷ್ಟು ಪ್ರತಿವಿಷವಿದೆ ಎಂದು ತಿಳಿಯಲು ಅಲ್ಲಿಯವರೆಗೆ ಗಿನಿಯಿಲಿಗಳನ್ನು ಬಲಿಕೊಡಬೇಕಾಗಿತ್ತು. ವಿಷವನ್ನೂ ಪ್ರತಿವಿಷವನ್ನೂ ಬೇರೆಬೇರೆ ಪ್ರಮಾಣದಲ್ಲಿ ಗಾಜಿನ ನಳಿಗೆಗಳಲ್ಲಿ ಬೆರಸಿ ಇಟ್ಟಾಗ, ಎರಡೂ ಸಮತೂಕವಾಗಿರುವ ನಳಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಹತ್ತಿಯ ತುಣುಕಿನಂತಹ ಗಸಿ ಕಾಣಿಸಿಕೊಳ್ಳುವುದನ್ನು ರಾಮೋನರು ತೋರಿಸಿಕೊಟ್ಟರು. ಅಳೆಯುವುದಕ್ಕೆ ಪ್ರಾಣಿಯ ಬದಲು ಗಾಜಿನ ನಳಿಗೆ ಸಾಕಾಯಿತು.

ಈ ಅಳತೆಗೋಲು ಕೈಗೆ ಬಂದುದರಿಂದಲೇ 1923ರ ಮಹತ್ತರ ಶೋಧವು ಸಾಧ್ಯವಾಯಿತು. ಡಿಫ್ತೀರಿಯಾ ವಿಷಕ್ಕೆ ಸ್ವಲ್ಪ ಫಾರ್ಮಲಿನ್ ಸೇರಿಸಿ, ದೇಹದ ಕಾವಿನಷ್ಟು ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ವಾರ ಇಟ್ಟರೆ ವಿಷದ ಕೊಲ್ಲುವ ಗುಣವು ನಾಶವಾಗುತ್ತಿತ್ತು. ಆದರೆ ನಳಿಗೆಯಲ್ಲಿ ಅದು ಮೊದಲಿನಂತೆಯೇ ಪ್ರತಿವಿಷದೊಡನೆ ಸೇರಿ ಗಸಿಯಾಗುತ್ತಿತ್ತು. ಎಂದರೆ, ಹಲ್ಲು ಕಿತ್ತ ಹಾವಿನಂತೆ, ಅದರ ರೂಪವು ಉಳಿದು ಅಪಾಯ ಮಾತ್ರ ಹೋಗಿತ್ತು. ಇಂತಹ ವಿಷವನ್ನು ಚುಚ್ಚಿದರೆ ದೇಹವು ನಿಜವಾದ ವಿಷವನ್ನು ಎದುರಿಸಲು ಕಲಿತುಕೊಳ್ಳುತ್ತದೆ. ರಾಮೋನರು ಇದನ್ನು ಅನಾಟಾಕ್ಸಿನ್ ಎಂದು ಕರೆದರು. ಇಂದು ಟಾಕ್ಸಾಯ್ಡ್ ಎಂಬ ಹೆಸರು ರೂಢಿಯಲ್ಲಿದೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನ್ನಿ ಅವರೂ ಇದೇ ದಾರಿಯಲ್ಲಿ ಸ್ವತಂತ್ರವಾಗಿ ಮುಂದುವರಿದಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಾಯದ ಕುದುರೆಗಳೆಲ್ಲ ಒಂದೇ ಪ್ರಮಾಣದ ಮದ್ದಿಗೆ ಒಂದೇ ಸಮನಾಗಿ ಪ್ರತಿವಿಷವನ್ನು ಕೊಡುತ್ತಿರಲಿಲ್ಲ. ಚುಚ್ಚಿದ ಜಾಗದಲ್ಲಿ ಬಾವು ಎದ್ದು ಕೀವಾದ ಕುದುರೆಗಳ ರಕ್ತದಲ್ಲಿ ಪ್ರತಿವಿಷವು ಹೆಚ್ಚಾಗಿರುವುದನ್ನು ರಾಮೋನರು ಗಮನಿಸಿದರು. ಲಾಯದ ಉಳಿದವರಿಗೆ ಅದು ಕೇವಲ ಕೆಲಸಗಾರರ ಅಜಾಗರೂಕತೆಯಿಂದಾದ ಗಾಯವಾಗಿ ಕಾಣಬಹುದಾಗಿತ್ತು. ರಾಮೋನರು ಅದರಲ್ಲಿ ಒಂದು ನಿಯಮವಿರಬೇಕೆಂದು ಊಹಿಸಿದರು. ರೋಗಾಣುಗಳಿಲ್ಲದಂತೆ ಶುದ್ಧಪಡಿಸಿದ ಯಾವುದಾದರೂ ಕೆರಳಿಸುವ ವಸ್ತುವಿನಿಂದ ಅಂತಹ ಬಾವನ್ನು ತಾವೇ ಬರಿಸಿದರೆ ಹೇಗಾದೀತೆಂದು ಪರೀಕ್ಷಿಸಿದರು. ಅವರು ಮದ್ದಿನೊಡನೆ ಬೆರಸಿದ ವಸ್ತುಗಳನ್ನು ಕೇಳಿದರೆ ನಗು ಬಂದೀತು: ಬ್ರೆಡ್ಡಿನ ಪುಡಿ, ಅಗರ್, ಹಾಗೂ ಎಲ್ಲಕ್ಕಿಂತ ಪ್ರಸಿದ್ಧವಾದ ಟಾಪಿಯೋಕಾ. ನಮ್ಮ ಗುಡ್ಡದ ಬದಿಯಲ್ಲಿ ಬೆಳೆಯುವ ಮರಗೆಣಸಿನ ಹಿಟ್ಟೇ ಈ ಟಾಪಿಯೋಕಾ. ಬರಗಾಲದಲ್ಲಿ ನಮ್ಮವರ ಹೊಟ್ಟೆ ತುಂಬಿಸಿದ ಆ ಗೆಣಸು, ಫ್ರಾನ್ಸಿನ ಕುದುರೆಗಳ ರಕ್ತದಲ್ಲಿ ಪ್ರತಿವಿಷವನ್ನು ಗಣನೀಯವಾಗಿ ಹೆಚ್ಚಿಸಿತು.

1925ರಲ್ಲಿ ಈ ಫಲಿತಾಂಶಗಳು ಪ್ರಕಟವಾದುವು. ಇಂತಹ ವಸ್ತುಗಳಿಗೆ ಅವರು ಲ್ಯಾಟಿನ್ ಭಾಷೆಯ ನೆರವಾಗು ಎಂಬ ಧಾತುವಿನಿಂದ ಅಡ್ಜುವೆಂಟ್ ಎಂಬ ಹೆಸರನ್ನಿಟ್ಟರು. ನಮ್ಮ ಆಯುರ್ವೇದದಲ್ಲಿ ಔಷಧಿಯೊಡನೆ ಜೇನು, ತುಪ್ಪ ಅಥವಾ ಬಿಸಿನೀರನ್ನು ಅನುಪಾನವಾಗಿ ಕೊಡುವ ಪದ್ಧತಿಯಿದೆ. ಅದೇ ಮದ್ದು ಬೇರೆ ಅನುಪಾನದೊಡನೆ ಬೇರೆ ಗುಣವನ್ನು ಕೊಡುತ್ತದೆಂದು ಪಂಡಿತರು ಹೇಳುತ್ತಾರೆ. ಎರಡೂ ಒಂದೇ ಎಂದು ನಾನು ಹೇಳಲಾರೆನಾದರೂ, ಅಡ್ಜುವೆಂಟಿನ ಪಾತ್ರವನ್ನು ಮನಸ್ಸಿಗೆ ತಂದುಕೊಳ್ಳಲು ಈ ಹೋಲಿಕೆ ಅನುಕೂಲವಾಗಿದೆ.

ಮರುವರ್ಷ, 1926ರಲ್ಲಿ, ಗ್ಲೆನ್ನಿ ಮತ್ತು ಅವರ ಸಂಗಡಿಗರು ಪಟಿಕವನ್ನು ಉಪಯೋಗಿಸಿದರು. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ, ಕೆಸರುನೀರನ್ನು ತಿಳಿಯಾಗಿಸುವ ಪಟಿಕವೇ ಇದು. ಇದರೊಡನೆ ಸೇರಿದ ಟಾಕ್ಸಾಯ್ಡ್ ಗಸಿಯಾಗಿ ನಿಂತು, ನೀರಿನಂತಹ ಮದ್ದಿಗಿಂತ ಬಹಳ ಬಲವಾದ ನಿರೋಧಕ ಶಕ್ತಿಯನ್ನು ಕೊಟ್ಟಿತು. ಅಂದಿನಿಂದ ಇಂದಿನವರೆಗೂ ಅಲ್ಯೂಮಿನಿಯಂ ಲವಣಗಳೇ ಮಾನವ ಲಸಿಕೆಗಳಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿರುವ ಅಡ್ಜುವೆಂಟುಗಳು. ರಾಮೋನರಾದರೋ ಅದೇ ವರ್ಷ ಸೈನ್ಯದ ವೈದ್ಯರಾದ ಕ್ರಿಸ್ತಿಯಾನ್ ತ್ಸೋಲರ್ ಅವರೊಡಗೂಡಿ ಮನುಷ್ಯರಿಗೆ ಧನುರ್ವಾಯುವಿನ ಟಾಕ್ಸಾಯ್ಡನ್ನು ಕೊಟ್ಟು ಪರೀಕ್ಷಿಸಿದರು, ಮತ್ತು ಹಲವು ಲಸಿಕೆಗಳನ್ನು ಒಟ್ಟಿಗೆ ಬೆರಸಿ ಕೊಡುವ ಕ್ರಮಕ್ಕೆ ತಳಹದಿ ಹಾಕಿದರು. ಒಂದು ಲಸಿಕೆಯು ಇನ್ನೊಂದಕ್ಕೆ ಅಡ್ಜುವೆಂಟಾಗಿ ನೆರವಾಗಬಲ್ಲುದೆಂಬುದು ಅವರ ಅನುಭವಕ್ಕೆ ಬಂದಿತು. ನಮ್ಮ ಮಕ್ಕಳಿಗೆ ಕೊಡುವ ತ್ರಿವಳಿ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ರೋಗಾಣುಗಳು ಇಂದಿಗೂ ಉಳಿದೆರಡಕ್ಕೆ ಈ ಸಹಾಯವನ್ನು ಮಾಡುತ್ತಿವೆ.

ಫ್ರಾನ್ಸಿನಲ್ಲಿ ಡಿಫ್ತೀರಿಯಾ ಲಸಿಕೆಯು 1938ರಲ್ಲಿಯೂ ಧನುರ್ವಾಯುವಿನ ಲಸಿಕೆಯು 1940ರಲ್ಲಿಯೂ ಕಡ್ಡಾಯವಾದುವು. ಎರಡನೆಯ ಮಹಾಯುದ್ಧದಲ್ಲಿ ಟಾಕ್ಸಾಯ್ಡ್ ಪಡೆದ ಸೈನ್ಯಗಳಲ್ಲಿ ಧನುರ್ವಾಯುವು ಅತಿ ವಿರಳವಾಯಿತು. ಹಿಂದಿನ ಯುದ್ಧದಲ್ಲಿ ಅದೇ ರೋಗಕ್ಕಾಗಿ ಹಗಲಿರುಳು ಸೀರಮ್ ತುಂಬಿಸಿದ ರಾಮೋನರಿಗೆ ಇದಕ್ಕಿಂತ ದೊಡ್ಡ ತೃಪ್ತಿ ಬೇರೊಂದಿರಲಾರದು.

ಈಗ ನನ್ನ ತಮ್ಮನ ಮೈಮೇಲಿನ ದದ್ದುಗಳ ವಿಷಯ. ಕುದುರೆಯ ಸೀರಮ್ ಪಡೆದ ಮಕ್ಕಳಲ್ಲಿ ಕೆಲವು ದಿನಗಳ ಬಳಿಕ ಕಾಣಿಸಿಕೊಳ್ಳುವ ಈ ಕಾಯಿಲೆಯನ್ನು ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ ಇವರು 1905ರಲ್ಲಿ ವಿವರಿಸಿದ್ದರು. ದೇಹದ ರಕ್ಷಣಾಶಕ್ತಿಯು ಕುದುರೆಯ ಸೀರಮ್ಮನ್ನೇ ಪರಕೀಯವೆಂದು ಬಗೆದು ಅದರ ಮೇಲೆ ಎರಗುವುದೇ ಇದರ ಕಾರಣ. ಹೊರಗಿನ ವಸ್ತುವಿನ ಸಂಪರ್ಕದಿಂದ ದೇಹದ ವರ್ತನೆ ಹೀಗೆ ಬದಲಾಗುವುದಕ್ಕೆ ಪಿರ್ಕೆಯವರು 1906ರಲ್ಲಿ ಅಲರ್ಜಿ ಎಂಬ ಹೊಸ ಪದವನ್ನು ರಚಿಸಿದರು. ಆ ಪದವು ಕುದುರೆಯ ಸೀರಮ್ಮಿನ ಹಿನ್ನೆಲೆಯಲ್ಲಿ ಹುಟ್ಟಿತೆಂಬುದು ಅನೇಕರಿಗೆ ತಿಳಿಯದು. ಟಾಕ್ಸಾಯ್ಡ್ ಬಂದ ಮೇಲೆ ದೇಹವು ತನ್ನ ಪ್ರತಿವಿಷವನ್ನು ತಾನೇ ತಯಾರಿಸಿಕೊಳ್ಳುವುದರಿಂದ ಕುದುರೆಯ ಸೀರಮ್ಮಿನ ಅಗತ್ಯವೇ ಬಹುಮಟ್ಟಿಗೆ ತಪ್ಪಿತು. ನನ್ನ ತಮ್ಮನಿಗೆ ಮೊದಲೇ ಈ ಲಸಿಕೆ ಆಗಿದ್ದರೆ ಆ ಒಂದು ವಾರದ ನರಳಾಟವು ಇರುತ್ತಿರಲಿಲ್ಲ.

ಆದರೆ ಅಡ್ಜುವೆಂಟಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಅಲರ್ಜಿಯ ಸಂಶೋಧನೆಯಲ್ಲಿ ಅದು ಎರಡು ಮುಖಗಳಿಂದ ಕಾಣಿಸಿಕೊಂಡಿತು. ಅಲರ್ಜಿಗೆ ಕಾರಣವಾದ ಐಜಿಇ ಎಂಬ ಪ್ರತಿಕಾಯವನ್ನು ಇಶಿಜಾಕಾ ದಂಪತಿಗಳು ಅಮೆರಿಕದಲ್ಲಿಯೂ ಯೊಹಾನ್ಸನ್ ಮತ್ತು ಬೆನಿಕ್ ಇವರು ಸ್ವೀಡನ್ನಿನಲ್ಲಿಯೂ 1966-67ರ ಸುಮಾರಿಗೆ ಗುರುತಿಸಿದರು. ಈ ಪ್ರತಿಕಾಯವು ಚರ್ಮ, ಮೂಗು ಮತ್ತು ಶ್ವಾಸನಾಳಗಳ ಮಾಸ್ಟ್ ಕಣಗಳ ಮೇಲೆ ಕುಳಿತು, ಪರಾಗವೋ ಧೂಳೋ ತಗುಲಿದ ಕ್ಷಣದಲ್ಲಿ ಹಿಸ್ಟಮಿನ್ ಮುಂತಾದ ದ್ರವ್ಯಗಳನ್ನು ಹೊರಚೆಲ್ಲಿಸುತ್ತದೆ. ಸೀನು, ತುರಿಕೆ, ಉಬ್ಬಸ ಇವೆಲ್ಲ ಅದರ ಫಲ. ರಕ್ಷಣಾ ವ್ಯವಸ್ಥೆಯ ಸಹಾಯಕ ಕಣಗಳಲ್ಲಿ ಎರಡು ಪಂಗಡಗಳಿವೆಯೆಂದು ಮಾಸ್ಮನ್ ಮತ್ತು ಕಾಫ್ಮನ್ ಇವರು 1986ರಲ್ಲಿ ಇಲಿಗಳಲ್ಲಿ ತೋರಿಸಿದರು. ಒಂದನೆಯ ಪಂಗಡವು ಜೀವಕೋಶಗಳೊಳಗೆ ಅಡಗಿದ ರೋಗಾಣುಗಳ ವಿರುದ್ಧ ಹೋರಾಟವನ್ನು ನಡೆಸಿದರೆ, ಎರಡನೆಯದು ಐಜಿಇಯ ಉತ್ಪತ್ತಿಗೆ ಪ್ರೇರಣೆ ಕೊಡುತ್ತದೆ.

ಇಲ್ಲಿ ಅನುಪಾನದ ಮಹಿಮೆ ಪ್ರಕಟವಾಗುತ್ತದೆ. ಕೋಳಿಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನು ಪಟಿಕದ ಲವಣದೊಡನೆ ಇಲಿಗೆ ಚುಚ್ಚಿದರೆ ಎರಡನೆಯ ಪಂಗಡವು ಬಲಗೊಂಡು ಇಲಿಯಲ್ಲಿ ಅಲರ್ಜಿ ಹುಟ್ಟುತ್ತದೆ. ಉಬ್ಬಸದ ಅಧ್ಯಯನಕ್ಕಾಗಿ ಪ್ರಯೋಗಶಾಲೆಗಳಲ್ಲಿ ಅನುಸರಿಸುತ್ತಿರುವ ಪ್ರಸಿದ್ಧ ಕ್ರಮವಿದು. ಅದೇ ಪ್ರೋಟೀನನ್ನು ಕೆಲವು ಬ್ಯಾಕ್ಟೀರಿಯಾಗಳ ಅಂಶಗಳೊಡನೆ ಕೊಟ್ಟರೆ ಒಂದನೆಯ ಪಂಗಡವು ಮುಂದಾಗುತ್ತದೆ. ಅಡ್ಜುವೆಂಟು ಕೇವಲ ಬಲವನ್ನು ಹೆಚ್ಚಿಸುವುದಷ್ಟೇ ಅಲ್ಲದೆ ದಿಕ್ಕನ್ನೂ ನಿರ್ಧರಿಸುತ್ತದೆಂಬ ಈ ತಿಳಿವಳಿಕೆಯು ರಾಮೋನರ ಕಾಲಕ್ಕೆ ಇರಲಿಲ್ಲ. ಆದರೆ ಇಲಿಯ ಮೈಯಲ್ಲಿ ಕಂಡುದೆಲ್ಲ ಮನುಷ್ಯನಿಗೆ ಅನ್ವಯಿಸುವುದಿಲ್ಲವೆಂಬ ಎಚ್ಚರವೂ ಅವಶ್ಯ. ಬಾಲ್ಯದ ಲಸಿಕೆಗಳಿಂದ ಅಲರ್ಜಿ ರೋಗಗಳು ಹೆಚ್ಚುತ್ತವೆಂಬುದು ಮಾನವರ ಅಧ್ಯಯನಗಳಲ್ಲಿ ಸ್ಥಿರಪಟ್ಟಿಲ್ಲ. ತಾಯಂದಿರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇನ್ನೊಂದು ಮುಖವು ಚಿಕಿತ್ಸೆಯದು. ಹುಲ್ಲಿನ ಪರಾಗದಿಂದ ಸೀನು, ಕಣ್ಣುರಿ ಬರುವವರಿಗೆ ಅದೇ ಪರಾಗದ ಸಾರವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ಒಗ್ಗಿಸುವ ವಿಧಾನವನ್ನು ಲಂಡನ್ನಿನ ಲೆನಾರ್ಡ್ ನೂನ್ ಅವರು 1911ರಲ್ಲಿ ಪ್ರಕಟಿಸಿದ್ದರು. ರಾಮೋನರು ಪಾಶ್ಚರ್ ಸಂಸ್ಥೆಗೆ ಕಾಲಿಟ್ಟ ವರ್ಷವೂ ಅದೇ. ಈ ಚಿಕಿತ್ಸೆಗೆ ಮುಂದೆ ರಾಮೋನರ ಎರಡು ಕೊಡುಗೆಗಳೂ ಒದಗಿದುವು. 1970ರಲ್ಲಿ ಡೇವಿಡ್ ಮಾರ್ಷ್ ಮತ್ತು ಸಂಗಡಿಗರು ಪರಾಗದ ಪ್ರೋಟೀನನ್ನು ಫಾರ್ಮಲಿನ್ನಿನಿಂದ ಸಂಸ್ಕರಿಸಿ, ಅಲರ್ಜಿ ಕೆರಳಿಸುವ ಗುಣವು ಕುಗ್ಗಿ ರಕ್ಷಣೆಯನ್ನು ಕಲಿಸುವ ಗುಣವು ಉಳಿಯುವಂತೆ ಮಾಡಿದರು. ಟಾಕ್ಸಾಯ್ಡಿನ ಮಾದರಿಯಲ್ಲಿ ಅದಕ್ಕೆ ಅಲರ್ಜಾಯ್ಡ್ ಎಂದು ಹೆಸರಾಯಿತು. ಮದ್ದು ಚುಚ್ಚಿದ ಸ್ಥಳದಲ್ಲಿಯೇ ನಿಂತು ನಿಧಾನವಾಗಿ ಹರಡಲೆಂದು ಅಲ್ಯೂಮಿನಿಯಂ ಲವಣವನ್ನೂ ಸೇರಿಸುತ್ತಾರೆ. ಇಲಿಯಲ್ಲಿ ಅಲರ್ಜಿಯನ್ನು ಹುಟ್ಟಿಸುವ ವಸ್ತುವೇ ಮನುಷ್ಯನ ಅಲರ್ಜಿಯನ್ನು ತಣಿಸುವ ಮದ್ದಿನಲ್ಲಿ ಇರುವುದು ವಿಚಿತ್ರವಾದರೂ ಸತ್ಯ. ದೀರ್ಘಕಾಲದ ಚಿಕಿತ್ಸೆಯಲ್ಲಿ ಐಜಿಇಗೆ ಅಡ್ಡನಿಲ್ಲುವ ಐಜಿಜಿ4 ಎಂಬ ಪ್ರತಿಕಾಯವೂ, ರಕ್ಷಣಾ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಕಣಗಳೂ ಹೆಚ್ಚುತ್ತವೆ. ಬ್ಯಾಕ್ಟೀರಿಯಾದ ಹೊರಕವಚದಿಂದ ಸೌಮ್ಯಗೊಳಿಸಿ ತೆಗೆದ ಎಂಪಿಎಲ್ ಎಂಬ ಅಡ್ಜುವೆಂಟನ್ನು ಸೇರಿಸಿ ಕೆಲವೇ ಚುಚ್ಚುಮದ್ದುಗಳಲ್ಲಿ ಚಿಕಿತ್ಸೆ ಮುಗಿಸುವ ಕ್ರಮವೂ ಯೂರೋಪಿನಲ್ಲಿ ಬಳಕೆಗೆ ಬಂದಿದೆ.

ಬಾವೆದ್ದ ಕುದುರೆಯಲ್ಲಿ ಪ್ರತಿವಿಷವು ಹೆಚ್ಚಿದುದೇಕೆಂಬುದಕ್ಕೆ ಸಮರ್ಪಕವಾದ ಉತ್ತರದ ದಾರಿಯನ್ನು 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ ಅವರು ತೋರಿದರು. ಅಪರಿಚಿತ ವಸ್ತು ಕಂಡ ಮಾತ್ರಕ್ಕೆ ರಕ್ಷಣಾ ವ್ಯವಸ್ಥೆ ಏಳುವುದಿಲ್ಲ. ಅಪಾಯದ ಸೂಚನೆಯೂ ಜತೆಗೆ ಬೇಕು. ಅಡ್ಜುವೆಂಟು ಆ ಸೂಚನೆಯನ್ನು ಕೊಡುತ್ತದೆ ಎಂಬುದು ಅವರ ವಿಚಾರದ ಸಾರ. ಈ ಮಾರ್ಗದಲ್ಲಿ ನಡೆದ ಸಂಶೋಧನೆಗಾಗಿ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್ಮನ್ ಇವರಿಗೆ 2011ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಪಟಿಕದ ಕಾರ್ಯರೀತಿಯು ಮಾತ್ರ ಪೂರ್ಣವಾಗಿ ಇಂದಿಗೂ ಇತ್ಯರ್ಥವಾಗಿಲ್ಲ.

ನೊಬೆಲ್ ಎಂದಾಗ ಒಂದು ವಿಷಾದದ ಸಂಗತಿಯನ್ನು ಹೇಳಬೇಕು. ರಾಮೋನರ ಹೆಸರು ಆ ಪಾರಿತೋಷಕಕ್ಕೆ 150ಕ್ಕೂ ಹೆಚ್ಚು ಬಾರಿ ಸೂಚಿತವಾಯಿತು. ಒಮ್ಮೆಯೂ ಅದು ಅವರಿಗೆ ಬರಲಿಲ್ಲ. 1940ರಲ್ಲಿ ಅವರು ಸ್ವಲ್ಪಕಾಲ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾಗಿದ್ದರು. 1949ರಿಂದ ಸುಮಾರು ಒಂದು ದಶಕ ಪ್ಯಾರಿಸಿನಲ್ಲಿರುವ ಅಂತರರಾಷ್ಟ್ರೀಯ ಪಶುರೋಗ ಕಚೇರಿಯ ಮುಖ್ಯಸ್ಥರಾಗಿ ದುಡಿದರು. ಭಾರತದಿಂದ ಬ್ರೆಜಿಲ್ ದೇಶಕ್ಕೆ ಹೊರಟ ದನಗಳಿಂದ 1920ರಲ್ಲಿ ಬೆಲ್ಜಿಯಂನಲ್ಲಿ ದೊಡ್ಡರೋಗವು ಹಬ್ಬಿದ ಕಾರಣ, 1924ರಲ್ಲಿ ಸ್ಥಾಪನೆಯಾದ ಕಚೇರಿಯಿದು. ನಮ್ಮ ರೈತರ ಹಟ್ಟಿಗಳನ್ನು ಬರಿದುಮಾಡುತ್ತಿದ್ದ ಆ ದೊಡ್ಡರೋಗವು 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾದುದಾಗಿ ಘೋಷಿತವಾಯಿತು. 1959ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ವಿಜ್ಞಾನ ಸಂಶೋಧನ ಕೇಂದ್ರವು ರಾಮೋನರಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. 1963ರ ಜೂನ್ 8ರಂದು ಅವರು ಇಹಲೋಕವನ್ನು ತ್ಯಜಿಸಿದರು.

ಅವರ ಸ್ಮಾರಕವನ್ನು ಕಾಣಲು ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಹೊಕ್ಕುಳಬಳ್ಳಿಯ ಮೂಲಕ ಹಸುಗೂಸುಗಳಿಗೆ ತಗಲುವ ಧನುರ್ವಾಯುವು ನಮ್ಮ ದೇಶದ ಬಾಣಂತಿಯರ ಮಡಿಲುಗಳನ್ನು ಎಷ್ಟು ಬಾರಿ ಬರಿದು ಮಾಡಿತ್ತೆಂಬುದನ್ನು ಹಿರಿಯರು ಬಲ್ಲರು. 1978ರಲ್ಲಿ ಭಾರತದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವು ಆರಂಭವಾಯಿತು. ಗರ್ಭಿಣಿಯರಿಗೆ ಟಾಕ್ಸಾಯ್ಡಿನ ಚುಚ್ಚುಮದ್ದು, ಶುದ್ಧವಾದ ಹೆರಿಗೆ ಇವುಗಳ ಫಲವಾಗಿ 2015ರಲ್ಲಿ ತಾಯಿ-ಶಿಶುಗಳ ಧನುರ್ವಾಯುವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಮಾನ್ಯತೆ ದೊರೆಯಿತು.

ಶಾಲೆಯಲ್ಲಿ ಚುಚ್ಚುಮದ್ದು ಕೊಟ್ಟ ಮರುದಿನ, ಮಗುವಿನ ತೋಳು ಗಂಟುಕಟ್ಟಿ ನೋಯುತ್ತಿದೆಯೆಂದು ದೂರಿಕೊಂಡು ಬರುತ್ತಿದ್ದ ತಾಯಂದಿರಿಗೆ ಸರಿಯಾದ ಸಮಾಧಾನ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಮುಂದಿನ ಸಲ ಮಗುವನ್ನು ಶಾಲೆಗೇ ಕಳುಹಿಸದೆ ಉಳಿದವರೂ ಇದ್ದರು. ಅವರನ್ನು ನಾನು ಗದರಿಸಿದ್ದುಂಟು; ತಿಳಿಹೇಳಲಿಲ್ಲ. ಆ ಸಣ್ಣ ಗಂಟಿನಲ್ಲಿ ರಾಮೋನರ ಅಡ್ಜುವೆಂಟು ಕೆಲಸಮಾಡುತ್ತಿತ್ತು, ಮಗುವಿನ ಮೈಯು ಅಲ್ಲಿ ಪಾಠ ಕಲಿಯುತ್ತಿತ್ತು ಎಂದು ಇಂದು ಹೇಳಬಲ್ಲೆ. ಅಂದಿನ ಆ ಮಕ್ಕಳು ಇಂದು ತಾಯಿತಂದೆಯರಾಗಿ, ಕೆಲವರು ಅಜ್ಜ ಅಜ್ಜಿಯರಾಗಿ ಈ ಸಂಚಿಕೆಯನ್ನು ಓದುತ್ತಿದ್ದಾರೆ. ಮೊಮ್ಮಗುವಿನ ತೋಳು ನೋಯುವ ರಾತ್ರಿ, ತಣ್ಣೀರಿನ ಬಟ್ಟೆಯನ್ನಿಡುತ್ತ, ಕುದುರೆಲಾಯದ ಆ ಪಶುವೈದ್ಯರ ಕತೆಯನ್ನು ಅವರು ಮಕ್ಕಳಿಗೆ ಹೇಳಿದರೆ ನನ್ನ ಹಳೆಯ ಸಾಲವು ತೀರಿದಂತೆ.